ನೋಯ್ ಮತ್ತು ನೋವು: ಉಪಶಾಮಕ ಆರೈಕೆ ಬೇಕಾದವರನ್ನು ಗುರುತಿಸುವ ಬಗೆ

ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನದಲ್ಲಿ 'ನೋ' ಎಂಬ ಧಾತು ಪರಿಚಿತವಾದುದು. ಕನ್ನಡದ 'ನೋಯು', 'ನೋವು' ಎಂಬ ರೂಪಗಳೂ ತಮಿಳಿನ 'ನೋಯ್' ಎಂಬ ನಾಮಪದವೂ ಇದೇ ಧಾತುವಿಗೆ ಸೇರಿದವು. ಆದರೆ ಇಂದಿನ ಬಳಕೆಯಲ್ಲಿ ಇವುಗಳ ಅರ್ಥ ಒಂದೇ ಅಲ್ಲ. ತಮಿಳಿನಲ್ಲಿ ನೋಯ್ ಎಂದರೆ ಕಾಯಿಲೆ. ದೇಹದ ನೋವಿಗೆ ಅಲ್ಲಿ 'ವಲಿ' ಎಂಬ ಬೇರೆ ಪದ ರೂಢಿಯಲ್ಲಿದೆ. ಕನ್ನಡದಲ್ಲಿ ನೋವು ಎಂದರೆ ಅನುಭವಕ್ಕೆ ಬರುವ ಬಾಧೆ. ಕಾಯಿಲೆಯನ್ನು ಹೊರಗಿನವರು ಪರೀಕ್ಷಿಸಿ ಹೆಸರಿಡಬಹುದು. ನೋವನ್ನು ಅನುಭವಿಸುವವರು ಹೇಳಬೇಕು, ಇಲ್ಲವೇ ಹತ್ತಿರದವರು ಅವರ ಮುಖ ನೋಡಿ ತಿಳಿಯಬೇಕು. ಉಪಶಾಮಕ ಆರೈಕೆ ಎಂಬ ವೈದ್ಯಕೀಯ ಶಾಖೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಆ ಆರೈಕೆ ಯಾರಿಗೆ ಬೇಕು ಎಂದು ಗುರುತಿಸುವ ಕೆಲಸದಲ್ಲಿ ಪ್ರಯೋಗಾಲಯದ ವರದಿಯಷ್ಟೇ ಮಹತ್ವ ಭಾಷೆಗೂ ಇದೆ.

ಈ ಮಾತಿಗೆ ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳು ಒಳ್ಳೆಯ ನಿದರ್ಶನ. ದಿಂಡಿಗಲ್ ೧೯೮೫ರಲ್ಲಿ, ತೇನಿ ೧೯೯೦ರ ದಶಕದಲ್ಲಿ ಹಳೆಯ ಮಧುರೆ ಜಿಲ್ಲೆಯಿಂದ ಬೇರ್ಪಟ್ಟವು. ತೇನಿಯ ನೈಋತ್ಯಕ್ಕೆ ಚಾಚಿಕೊಂಡಿರುವ ಕಂಬಂ ಕಣಿವೆಯ ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳು, ಪೂರ್ವಕ್ಕೆ ಮೇಘಮಲೆ. ೧೮೯೫ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಇಲ್ಲಿ ಭತ್ತ, ಬಾಳೆ, ದ್ರಾಕ್ಷಿಗಳನ್ನು ಬೆಳೆಸುತ್ತದೆ. ಈ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕಪ್ಪಿಲಿಯರು ಮತ್ತು ಅನುಪ್ಪರು ಎಂಬ ಕೃಷಿಕ ಸಮುದಾಯಗಳ ಮನೆಮಾತು ಕನ್ನಡ. ೧೯೦೯ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳು ಈ ಎರಡೂ ಸಮುದಾಯಗಳನ್ನು ಕನ್ನಡ ಮಾತನಾಡುವ ಬೇಸಾಯಗಾರರೆಂದೇ ದಾಖಲಿಸಿವೆ. ಇವರಿಗೆ ಶಾಲೆ, ಸಂತೆ, ಕಚೇರಿ, ಆಸ್ಪತ್ರೆಗಳ ಭಾಷೆ ತಮಿಳು. ಒಲೆಯ ಮುಂದಿನ ಭಾಷೆ ಕನ್ನಡ. ಒಬ್ಬರಿಗೆ ಕಾಯಿಲೆಯಾದಾಗ ಅದರ ಹೆಸರು ಮನೆಗೆ ಬರುವುದು ತಮಿಳಿನಲ್ಲಿ, ಅದರ ನರಳಾಟ ಕೇಳಿಸುವುದು ಕನ್ನಡದಲ್ಲಿ.

ಆರೈಕೆಯ ಅರ್ಥ

'ಉಪಶಾಮಕ' ಎಂಬ ಪದದಲ್ಲಿ 'ಶಮ' ಎಂಬ ಸಂಸ್ಕೃತ ಧಾತುವಿದೆ. ತಣಿಸುವುದು, ಅಡಗಿಸುವುದು ಎಂಬುದು ಅದರ ಅರ್ಥ. ಇಂಗ್ಲಿಷಿನ 'ಪ್ಯಾಲಿಯೇಟಿವ್' ಎಂಬ ಪದ ಹೊದಿಕೆ ಎಂಬರ್ಥದ ಲ್ಯಾಟಿನ್ನಿನ 'ಪಾಲಿಯಂ' ಎಂಬುದರಿಂದ ಬಂದಿದೆ. ಮಲಯಾಳದಲ್ಲಿ 'ಸಾಂತ್ವನ ಪರಿಚರಣ' ಎನ್ನುತ್ತಾರೆ. ತಮಿಳುನಾಡಿನ ಆಡಳಿತ ಭಾಷೆಯಲ್ಲಿ 'ನೋಯ್ ಆದರವು' ಎಂಬ ಹೆಸರು ಬಳಕೆಯಲ್ಲಿದೆ. ಒಂದು ಭಾಷೆ ತಣಿಸುವುದನ್ನು, ಇನ್ನೊಂದು ಹೊದಿಸುವುದನ್ನು, ಮತ್ತೊಂದು ಸಂತೈಸುವುದನ್ನು, ಮಗದೊಂದು ಆಸರೆಯನ್ನು ಮುಂದಿಟ್ಟಿದೆ. ನಾಲ್ಕರಲ್ಲಿ ಯಾವುದೂ ಗುಣಪಡಿಸುವ ಮಾತಾಡುವುದಿಲ್ಲ. ಸಾಯುವ ಮಾತನ್ನೂ ಆಡುವುದಿಲ್ಲ.

ಇಲ್ಲಿಯೇ ಸಾಮಾನ್ಯವಾದ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಿಕೊಳ್ಳಬೇಕು. ಉಪಶಾಮಕ ಆರೈಕೆಯೆಂದರೆ ಕೊನೆಯ ಕೆಲವು ದಿನಗಳ ಶುಶ್ರೂಷೆ, ಅದೂ ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಎಂದು ಬಹುಮಂದಿ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ೨೦೦೨ರಲ್ಲಿ ನೀಡಿದ ವ್ಯಾಖ್ಯೆಯ ಪ್ರಕಾರ ಇದು ಜೀವಕ್ಕೆ ಅಪಾಯ ತರುವ ಕಾಯಿಲೆಯನ್ನು ಎದುರಿಸುತ್ತಿರುವ ರೋಗಿಗಳ ಮತ್ತು ಅವರ ಕುಟುಂಬದವರ ಬದುಕಿನ ಗುಣಮಟ್ಟವನ್ನು ಉತ್ತಮಪಡಿಸುವ ಕ್ರಮ. ಅದರ ಸಾಧನವೆಂದರೆ ನೋವು ಮತ್ತಿತರ ದೈಹಿಕ, ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ತೊಂದರೆಗಳನ್ನು ಬೇಗನೆ ಗುರುತಿಸಿ, ಸರಿಯಾಗಿ ಅಳೆದು, ಶಮನಗೊಳಿಸುವುದು. ಬೇಗನೆ ಗುರುತಿಸುವುದು ವ್ಯಾಖ್ಯೆಯೊಳಗೇ ಸೇರಿದೆ ಎಂಬುದನ್ನು ಗಮನಿಸಬೇಕು.

ಅದೇ ಸಂಸ್ಥೆಯ ಅಂಕಿಗಳ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು ೫ ಕೋಟಿ ೬೮ ಲಕ್ಷ ಜನರಿಗೆ ಈ ಆರೈಕೆ ಬೇಕಾಗುತ್ತದೆ. ದೊರೆಯುತ್ತಿರುವುದು ಶೇಕಡ ೧೪ರಷ್ಟು ಮಂದಿಗೆ. ಬೇಕಾದ ವಯಸ್ಕರಲ್ಲಿ ಶೇಕಡ ೩೮.೫ರಷ್ಟು ಮಂದಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯವರು. ಕ್ಯಾನ್ಸರ್ ಪೀಡಿತರು ಶೇಕಡ ೩೪. ದೀರ್ಘಕಾಲದ ಉಸಿರಾಟದ ಕಾಯಿಲೆಯವರು ಶೇಕಡ ೧೦.೩. ಕ್ಯಾನ್ಸರ್ ರೋಗಿಗಳನ್ನಷ್ಟೇ ಹುಡುಕುವವರು ಮೂವರಲ್ಲಿ ಇಬ್ಬರನ್ನು ಕಾಣದೆ ಹೋಗುತ್ತಾರೆ.

ಬೇಗ ಗುರುತಿಸುವುದರ ಪ್ರಯೋಜನವೂ ಊಹೆಯಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ ೧೫೧ ರೋಗಿಗಳ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೂಢಿಯ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರ ಜೀವನದ ಗುಣಮಟ್ಟ ಉತ್ತಮವಾಗಿತ್ತು, ಖಿನ್ನತೆ ಕಡಿಮೆಯಿತ್ತು. ಅವರ ಮಧ್ಯಸ್ಥ ಆಯುರ್ಮಾನ ೧೧.೬ ತಿಂಗಳು, ಉಳಿದವರದು ೮.೯ ತಿಂಗಳು. 'ಇನ್ನು ಮಾಡುವುದೇನೂ ಇಲ್ಲ' ಎಂಬ ಹಂತ ಬರುವವರೆಗೆ ಕಾಯಬೇಕಿಲ್ಲ. ಎರಡು ಬಗೆಯ ಆರೈಕೆಯೂ ಜೊತೆಯಾಗಿ ನಡೆಯಬಹುದು.

ಇಳಿಮುಖದ ಮೂರು ದಾರಿಗಳು

ಗುರುತಿಸುವುದು ಕಠಿಣವಾಗುವುದು ಕಾಯಿಲೆಗಳು ಒಂದೇ ದಾರಿಯಲ್ಲಿ ಸಾಗದಿರುವುದರಿಂದ. ಈ ದಾರಿಗಳನ್ನು ವೈದ್ಯ ಸಾಹಿತ್ಯ ಮೂರಾಗಿ ವಿಂಗಡಿಸುತ್ತದೆ. ಮೊದಲನೆಯದು ಬಹುತೇಕ ಕ್ಯಾನ್ಸರುಗಳದು: ರೋಗಿ ಬಹುಕಾಲ ಓಡಾಡಿಕೊಂಡಿದ್ದು, ಕೊನೆಯ ಕೆಲವು ತಿಂಗಳು ಅಥವಾ ವಾರಗಳಲ್ಲಿ ವೇಗವಾಗಿ ಕುಗ್ಗುತ್ತಾರೆ. ಎರಡನೆಯದು ಹೃದಯ, ಶ್ವಾಸಕೋಶಗಳಂತಹ ಅಂಗಗಳ ವೈಫಲ್ಯದ್ದು: ಗರಗಸದ ಹಲ್ಲಿನಂತೆ ಒಮ್ಮೆ ಬಿಗಡಾಯಿಸಿ, ಆಸ್ಪತ್ರೆ ಸೇರಿ, ಸುಧಾರಿಸಿ ಮನೆಗೆ ಮರಳುತ್ತಾರೆ, ಆದರೆ ಪ್ರತಿ ಸಲದ ಸುಧಾರಣೆಯೂ ಹಿಂದಿನ ಮಟ್ಟಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ. ಮೂರನೆಯದು ಮುಪ್ಪಿನ ನಿಶ್ಶಕ್ತಿಯದು ಮತ್ತು ಮರೆಗುಳಿ ರೋಗದ್ದು: ವರ್ಷಗಟ್ಟಲೆ ಬತ್ತಿ ಸಣ್ಣಗಾಗುವ ದೀಪದಂತಹ ಇಳಿತ.

ಮೊದಲ ದಾರಿಯವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಎರಡನೆಯ ದಾರಿಯವರು ಪ್ರತಿ ಸಲವೂ 'ಗುಣವಾಗಿ ಬಂದರು' ಎಂಬ ಮಾತಿನ ಮರೆಯಲ್ಲಿ ಉಳಿಯುತ್ತಾರೆ. ಮೂರನೆಯ ದಾರಿಯವರಿಗೆ 'ವಯಸ್ಸಾಯಿತಲ್ಲ' ಎಂಬ ಮಾತೇ ಮರೆ. ಕಣಿವೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು: ಒಂದೇ ವರ್ಷದಲ್ಲಿ ಮೂರು ಸಲ ಉಸಿರು ಕಟ್ಟಿ ತೇನಿಯ ಆಸ್ಪತ್ರೆಗೆ ಹೋಗಿ ಬಂದ ಹಿರಿಯರೊಬ್ಬರು ಇದ್ದಾರೆ. ಮೊದಲ ಸಲ ಬಂದಾಗ ಬಾಳೆ ತೋಟದವರೆಗೆ ನಡೆದರು, ಎರಡನೆಯ ಸಲ ಬೀದಿಯವರೆಗೆ, ಮೂರನೆಯ ಸಲ ಜಗಲಿಯವರೆಗೆ ಮಾತ್ರ. ಪ್ರತಿಯೊಂದು ಬಿಡುಗಡೆಯ ಚೀಟಿಯಲ್ಲಿಯೂ 'ಸ್ಥಿತಿ ಸುಧಾರಿಸಿದೆ' ಎಂದು ಇರಬಹುದು. ಮೂರನ್ನೂ ಒಟ್ಟಿಗೆ ಇಟ್ಟು ಓದಿದವರಿಗೆ ಮಾತ್ರ ಇಳಿಜಾರು ಕಾಣುತ್ತದೆ.

ಗುರುತಿಸುವ ಸಾಧನಗಳು

ಇಂತಹ ಓದಿಗೆಂದೇ ಕೆಲವು ಸಾಧನಗಳು ರೂಪುಗೊಂಡಿವೆ. ಅವುಗಳಲ್ಲಿ ಅತ್ಯಂತ ಸರಳವಾದುದು ಒಂದೇ ಪ್ರಶ್ನೆ: 'ಈ ರೋಗಿ ಮುಂದಿನ ಹನ್ನೆರಡು ತಿಂಗಳೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುವುದೇ?' ಇದನ್ನು ವೈದ್ಯರು ತಮಗೆ ತಾವೇ ಕೇಳಿಕೊಳ್ಳಬೇಕು. ರೋಗಿಯನ್ನಾಗಲಿ ಮನೆಯವರನ್ನಾಗಲಿ ಕೇಳುವಂಥದಲ್ಲ. 'ಆಶ್ಚರ್ಯವಾಗದು' ಎಂಬ ಉತ್ತರ ಬಂದರೆ ಆ ರೋಗಿಯ ಅಗತ್ಯಗಳನ್ನು ವಿಚಾರಿಸುವ ಹೊತ್ತು ಬಂದಿದೆ ಎಂದರ್ಥ. ಆದರೆ ಈ ಪ್ರಶ್ನೆಗೆ ಮಿತಿಯಿದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟವಾದ ವಿಶ್ಲೇಷಣೆ ಇದರ ಊಹಾಶಕ್ತಿ ಸಾಧಾರಣವೆಂದೂ, ಕ್ಯಾನ್ಸರೇತರ ಕಾಯಿಲೆಗಳಲ್ಲಿ ಇನ್ನೂ ದುರ್ಬಲವೆಂದೂ ಕಂಡುಕೊಂಡಿತು.

ಆದುದರಿಂದ ಸಾವಿನ ದಿನವನ್ನು ಊಹಿಸುವುದಕ್ಕಿಂತ ಅಗತ್ಯದ ಲಕ್ಷಣಗಳನ್ನು ನೋಡುವುದು ಮೇಲು ಎಂಬ ನಿಲುವು ಬಲಗೊಂಡಿದೆ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ೨೦೧೦ರಲ್ಲಿ ಸಿದ್ಧವಾದ 'ಸ್ಪಿಕ್ಟ್' ಎಂಬ ಒಂದು ಪುಟದ ಸೂಚಿ ಈ ನಿಲುವಿನದು. ಅದು ಮೊದಲು ಎಲ್ಲ ಕಾಯಿಲೆಗಳಿಗೂ ಸಮಾನವಾದ ಲಕ್ಷಣಗಳನ್ನು ಕೇಳುತ್ತದೆ. ಅನಿರೀಕ್ಷಿತವಾಗಿ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದಾರೆಯೇ? ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುತ್ತಿದ್ದಾರೆಯೇ? ಸ್ನಾನ, ಬಟ್ಟೆ, ಊಟಗಳಿಗೆ ಇನ್ನೊಬ್ಬರ ನೆರವು ಬೇಕಾಗಿದೆಯೇ? ನೋಡಿಕೊಳ್ಳುವವರಿಗೇ ಈಗ ಆಸರೆ ಬೇಕಾಗಿದೆಯೇ? ತೂಕ ಗಮನಾರ್ಹವಾಗಿ ಇಳಿದಿದೆಯೇ? ಸರಿಯಾದ ಚಿಕಿತ್ಸೆ ನಡೆದೂ ಬಾಧೆಗಳು ಉಳಿದಿವೆಯೇ? ಅನಂತರ ಒಂದೊಂದು ಕಾಯಿಲೆಗೆ ವಿಶಿಷ್ಟವಾದ ಲಕ್ಷಣಗಳು ಬರುತ್ತವೆ: ಹೃದಯ ಮತ್ತು ಶ್ವಾಸಕೋಶದ ಕಾಯಿಲೆಯಲ್ಲಿ ಕುಳಿತಲ್ಲಿಯೇ ಅಥವಾ ನಾಲ್ಕು ಹೆಜ್ಜೆಗೇ ಏದುಸಿರು, ಮರೆಗುಳಿ ರೋಗದಲ್ಲಿ ನೆರವಿಲ್ಲದೆ ಉಡಲು, ನಡೆಯಲು, ಉಣ್ಣಲು ಆಗದಿರುವುದು, ನುಂಗುವ ಕಷ್ಟ.

ಈ ಪಟ್ಟಿಯಲ್ಲಿ ಬಹುಪಾಲು ಲಕ್ಷಣಗಳಿಗೆ ಯಂತ್ರ ಬೇಕಿಲ್ಲ; ಮನೆಗೆ ಹೋಗಿ ನೋಡುವವರು ಬೇಕು. ೨೦೨೧ರ ಆಗಸ್ಟ್ ೫ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾಗಿ ತಮಿಳುನಾಡಿಗೆಲ್ಲ ವಿಸ್ತರಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ, ಅಂದರೆ ಜನರನ್ನು ಅರಸಿಕೊಂಡು ಹೋಗುವ ವೈದ್ಯ, ಈ ದೃಷ್ಟಿಯಿಂದ ಮುಖ್ಯವಾದುದು. ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ಮನೆಬಾಗಿಲಿಗೆ ತಲುಪಿಸುವುದರ ಜೊತೆಗೆ ಅಂಗಮರ್ದನ ಚಿಕಿತ್ಸೆಯೂ ಉಪಶಾಮಕ ಆರೈಕೆಯೂ ಅದರ ಸೇವೆಗಳಲ್ಲಿ ಸೇರಿವೆ. ಗೂಡಲೂರು ದಾಟಿ ಘಟ್ಟ ಹತ್ತಿದರೆ ಸಿಗುವ ಕುಮಿಳಿಯ ಆಚೆ, ಕೇರಳದಲ್ಲಿ, ಈ ಕೆಲಸದ ಹಿರಿಯ ಪರಂಪರೆಯಿದೆ. ೧೯೯೩ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ನೋವು ಮತ್ತು ಉಪಶಾಮಕ ಆರೈಕೆಯ ಸಂಘ, ಅದರ ಅನುಭವದಿಂದ ಬೆಳೆದ ನೆರೆಹೊರೆಯ ಜಾಲ, ೨೦೦೮ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಉಪಶಾಮಕ ಆರೈಕೆಯ ನೀತಿ ಇವೆಲ್ಲವೂ ಒಂದು ಸಂಗತಿಯನ್ನು ತೋರಿಸಿಕೊಟ್ಟವು: ಹಾಸಿಗೆ ಹಿಡಿದವರನ್ನು ಮೊದಲು ಕಾಣುವವರು ಅದೇ ಬೀದಿಯ ಜನ, ತರಬೇತಿ ಪಡೆದ ಸ್ವಯಂಸೇವಕರು ಗುರುತಿಸಿದ ಬಳಿಕ ದಾದಿಯರೂ ವೈದ್ಯರೂ ಬರುತ್ತಾರೆ. ಕರ್ನಾಟಕದಲ್ಲಿಯೂ ೧೯೯೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕರುಣಾಶ್ರಯವು ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ.

ಪದದಲ್ಲಿ ಅಡಗಿದ ರೋಗನಿದಾನ

ಬಾಗಿಲಿಗೆ ಬಂದವರು ಯಾವ ಭಾಷೆಯಲ್ಲಿ ಕೇಳುತ್ತಾರೆ, ಯಾವ ಭಾಷೆಯಲ್ಲಿ ಉತ್ತರ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಇದು ಕೇವಲ ಸೌಜನ್ಯದ ವಿಷಯವಲ್ಲ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ೧೯೭೫ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ ರೋಗಿಗಳು ಬಳಸುವ ೭೮ ವಿಶೇಷಣಗಳು ೨೦ ಗುಂಪುಗಳಲ್ಲಿ ಜೋಡಿಸಲ್ಪಟ್ಟಿವೆ. ನೋವಿನ ಪದಗಳು ಮನಬಂದಂತೆ ಹುಟ್ಟುವುದಿಲ್ಲ, ಅವು ನೋವಿನ ಜಾತಿಯನ್ನು ಸೂಚಿಸುತ್ತವೆ ಎಂಬುದು ಅದರ ಹಿಂದಿನ ತಿಳಿವು.

ಕನ್ನಡದಲ್ಲಿ ಈ ಸಂಪತ್ತು ದೊಡ್ಡದು. ಹುಣ್ಣೋ ಮೂಳೆಯ ಗಾಯವೋ ಇದ್ದಲ್ಲಿ ಕುಟುಕು, ಮಿಡಿತ, ಇರಿತ ಎನ್ನುತ್ತಾರೆ. ಹೊಟ್ಟೆಯೊಳಗಿನ ಅಂಗಗಳ ನೋವಿಗೆ ಹಿಂಡು, ನುಲಿ, ಕಿವುಚು ಎಂಬ ಪದಗಳು ಬರುತ್ತವೆ. ನರಕ್ಕೆ ಘಾಸಿಯಾದಾಗ ಉರಿ, ಜೋಮು, ಜುಮುಜುಮು, ಇರುವೆ ಹರಿದಂತೆ, ಕರೆಂಟು ಹೊಡೆದಂತೆ ಎಂಬ ಮಾತುಗಳು ಕೇಳಿಸುತ್ತವೆ. ಈ ಕೊನೆಯ ಗುಂಪನ್ನು ವೈದ್ಯರು ಪ್ರತ್ಯೇಕವಾಗಿ ಆಲಿಸಬೇಕು, ಏಕೆಂದರೆ ನರದ ನೋವಿಗೆ ಸಾಮಾನ್ಯ ನೋವುನಿವಾರಕಗಳು ಸಾಕಾಗದೆ ಬೇರೆ ಬಗೆಯ ಔಷಧಿಗಳು ಬೇಕಾಗುತ್ತವೆ. 'ನೋವಿದೆ' ಎಂದು ಬರೆದುಕೊಳ್ಳುವುದಕ್ಕೂ 'ಉರಿ' ಎಂದು ಬರೆದುಕೊಳ್ಳುವುದಕ್ಕೂ ನಡುವೆ ಒಂದು ಔಷಧಿಯ ಅಂತರವಿದೆ.

ಎರಡು ಭಾಷೆಗಳು ಕೂಡುವ ಜಾಗದಲ್ಲಿ ಈ ಅಂತರ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕನ್ನಡದ 'ಉರಿ' ಎಂಬುದಕ್ಕೆ ತಮಿಳಿನಲ್ಲಿ 'ಎರಿಚ್ಚಲ್' ಎನ್ನಬೇಕು. ತಮಿಳಿನ 'ಉರಿ' ಎಂದರೆ ಸುಲಿ ಎಂದರ್ಥ. ಕನ್ನಡದ 'ನೋವು' ತಮಿಳು ಕಿವಿಗೆ 'ನೋಯ್' ಎಂಬುದರ ಹತ್ತಿರ ಕೇಳಿಸಿ, ರೋಗಿ ತನ್ನ ಕಾಯಿಲೆಯ ಬಗ್ಗೆ ಮಾತನಾಡುತ್ತಿದ್ದಾರೆಂದು ತೋರಬಹುದು. ಒಂದೇ ಭಾಷೆಯೊಳಗೂ ತೊಡಕುಗಳಿವೆ. 'ಸಂಕಟ' ಎಂದರೆ ವಾಕರಿಕೆಯೂ ಆಗಬಹುದು, ಎದೆಯ ತೊಂದರೆಯೂ ಆಗಬಹುದು, ಮನಸ್ಸಿನ ದುಃಖವೂ ಆಗಬಹುದು. ಕೇಳುವವರು ಅಲ್ಲಿಗೆ ನಿಲ್ಲಿಸದೆ 'ಎಲ್ಲಿ ಸಂಕಟ, ಎಂಥ ಸಂಕಟ' ಎಂದು ಮುಂದುವರಿಯಬೇಕು.

ಅಳತೆಗೂ ಇದೇ ಮಾತು ಅನ್ವಯಿಸುತ್ತದೆ. ೧೯೯೧ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ರೂಪುಗೊಂಡ ಮಾಪನ ಕ್ರಮದಲ್ಲಿ ನೋವು, ಆಯಾಸ, ವಾಕರಿಕೆ, ಖಿನ್ನತೆ, ಆತಂಕ, ಉಸಿರಾಟದ ತೊಂದರೆ ಮುಂತಾದವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತಾರೆ. ಅಂಕಿಯಲ್ಲಿ ನೋವನ್ನು ಹೇಳುವ ರೂಢಿಯಿಲ್ಲದ ಹಿರಿಯರಿಗೆ 'ರೂಪಾಯಿಗೆ ಎಷ್ಟಾಣೆ ನೋವು' ಎಂದು ಕೇಳಿದರೆ ಉತ್ತರ ಸುಲಭವಾದೀತು. ಸಾಧನದ ಉದ್ದೇಶ ಉಳಿದು ಮಾತು ಊರಿನದಾಗಬೇಕು.

ಮಾತೇ ಕುಗ್ಗಿದವರ ವಿಷಯ ಇನ್ನೂ ಗಂಭೀರವಾದುದು. ಎರಡು ಭಾಷೆ ಬಲ್ಲವರಲ್ಲಿ ಕೆಲವರು ಮರೆಗುಳಿ ರೋಗ ಬಲಿತಾಗ ಅನಂತರ ಕಲಿತ ಭಾಷೆಯನ್ನು ಬಿಟ್ಟು ಬಾಲ್ಯದ ಭಾಷೆಗೆ ಮರಳುವುದು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿದೆ. ಜೀವಮಾನವಿಡೀ ಸಂತೆಯಲ್ಲಿ ತಮಿಳಾಡಿದ ಅಜ್ಜಿಯೊಬ್ಬರು ಕೊನೆಗಾಲದಲ್ಲಿ ಕನ್ನಡವನ್ನು ಮಾತ್ರ ಆಡಿದರೆ, ಆ ಮಾತು ಬಲ್ಲ ಮೊಮ್ಮಗಳೇ ವೈದ್ಯರ ಕಿವಿಯಾಗಬೇಕಾಗುತ್ತದೆ. ಮಾತು ಪೂರ್ಣವಾಗಿ ನಿಂತವರಿಗಾಗಿ ೨೦೦೩ರಲ್ಲಿ ಪ್ರಕಟವಾದ 'ಪೇನ್ಯಾಡ್' ಎಂಬ ಮಾಪನವಿದೆ. ಉಸಿರಾಟ, ನರಳಿಕೆ, ಮುಖಭಾವ, ದೇಹದ ಚಲನೆ, ಸಂತೈಸಿದರೆ ಸಮಾಧಾನವಾಗುವುದೇ ಎಂಬ ಐದು ಅಂಶಗಳನ್ನು ಅದು ಗಮನಿಸುತ್ತದೆ.

ದೇಹಕ್ಕೆ ಮೀರಿದ ನೋವು

೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ದಾದಿಯಾಗಿ, ಸಮಾಜಕಾರ್ಯಕರ್ತೆಯಾಗಿ, ಬಳಿಕ ವೈದ್ಯೆಯಾಗಿ ಕೆಲಸ ಮಾಡಿದವರು. ರೋಗಿಗಳ ಮಾತನ್ನು ಆಲಿಸುತ್ತ ಅವರು 'ಸಮಗ್ರ ನೋವು' ಎಂಬ ಪರಿಕಲ್ಪನೆಯನ್ನು ರೂಪಿಸಿದರು. ಅದರಂತೆ ನೋವಿಗೆ ದೈಹಿಕ, ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಎಂಬ ನಾಲ್ಕು ಮುಖಗಳಿವೆ. ತೋಟದ ಮೇಲಿನ ಸಾಲ, ಮದುವೆಯಾಗದ ಮಗಳು, ತೀರಿಸಲಾಗದ ಹರಕೆ, ಮನೆಯವರಿಗೆ ಹೊರೆಯಾದೆನೆಂಬ ಅಳಲು ಇವೂ ನೋವಿನ ಭಾಗಗಳೇ. 'ರಾತ್ರಿ ನಿದ್ದೆಯಿಲ್ಲ' ಎಂಬ ದೂರಿನ ಹಿಂದೆ ಮೂಳೆಯ ನೋವಿದೆಯೋ ಸಾಲದ ಚಿಂತೆಯಿದೆಯೋ ಎಂದು ತಿಳಿಯದೆ ನಿದ್ದೆ ಮಾತ್ರೆ ಕೊಟ್ಟರೆ ಗುರುತಿಸುವಿಕೆ ಅರ್ಧಕ್ಕೆ ನಿಂತಂತೆ. ಇಂತಹ ಸಂಗತಿಗಳು ಅಪರಿಚಿತ ಭಾಷೆಯ ಅವಸರದ ಪ್ರಶ್ನೆಗೆ ಹೊರಬರುವುದಿಲ್ಲ. ಮನೆಮಾತಿನಲ್ಲಿ, ಪಕ್ಕದಲ್ಲಿ ಕುಳಿತು ಕೇಳಿದಾಗ ಹೊರಬರುತ್ತವೆ.

ಗುರುತಿಸಿದ ಮೇಲೆ ಶಮನದ ದಾರಿಯೂ ಇರಬೇಕು. ತೀವ್ರವಾದ ಕ್ಯಾನ್ಸರ್ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಪರಿಣಾಮಕಾರಿಯೂ ಅಗ್ಗವೂ ಆದ ಔಷಧಿ. ೧೯೮೫ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಅದು ರೋಗಿಗಳಿಗೆ ದುರ್ಲಭವಾಗಿತ್ತು. ೨೦೧೪ರ ತಿದ್ದುಪಡಿ ವೈದ್ಯಕೀಯ ಬಳಕೆಯ ಹಾದಿಯನ್ನು ಸುಗಮಗೊಳಿಸಿತು. ಔಷಧಿ ದೊರೆಯುವ ಕಡೆಯಲ್ಲಿಯೂ ಅದು ಯಾರಿಗೆ ಬೇಕೆಂದು ತಿಳಿಯದಿದ್ದರೆ ಕಪಾಟಿನಲ್ಲಿಯೇ ಉಳಿಯುತ್ತದೆ.

ಕನ್ನಡ ವಿದ್ಯಾರ್ಥಿಗಳ ಪಾಲಿನ ಕೆಲಸ

ಭಾಷಾ ವಿದ್ಯಾರ್ಥಿಗಳಿಗೆ ಇಲ್ಲಿ ಸ್ಪಷ್ಟವಾದ ಎರಡು ಕೆಲಸಗಳಿವೆ. ಮೊದಲನೆಯದು ಅನುವಾದ. ರೋಗಿಗಳನ್ನು ಗುರುತಿಸುವ ಸೂಚಿಗಳನ್ನು ಒಬ್ಬರು ಕನ್ನಡಿಸಿ, ಮೂಲವನ್ನು ಕಾಣದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಂದು, ಎರಡನ್ನೂ ಹೋಲಿಸಿ ತಿದ್ದುವುದು ಈ ಕ್ಷೇತ್ರದ ಅಂಗೀಕೃತ ಪದ್ಧತಿ. 'ಕಾರ್ಯನಿರ್ವಹಣಾ ಸಾಮರ್ಥ್ಯದ ಕುಸಿತ' ಎಂಬ ಅನುವಾದ ನಿಘಂಟಿಗೆ ಸರಿಯಾದರೂ 'ಮೊದಲಿನಂತೆ ಓಡಾಡಲು ಆಗುತ್ತಿದೆಯೇ' ಎಂಬ ಪ್ರಶ್ನೆಗೆ ಮಾತ್ರ ರೋಗಿಯಿಂದ ಉತ್ತರ ಬರುತ್ತದೆ. ಎರಡನೆಯದು ಕ್ಷೇತ್ರಕಾರ್ಯ. ಕಂಬಂ, ಕೋಂಬೈ, ಉತ್ತಮಪಾಳ್ಯ, ದಿಂಡಿಗಲ್ ಸುತ್ತಿನ ಕನ್ನಡದಲ್ಲಿ ಉರಿ, ಜೋಮು, ಏದುಸಿರು, ಸಂಕಟಗಳಿಗೆ ಇರುವ ಪದಗಳನ್ನು ಹಿರಿಯರ ಬಾಯಿಂದ ಸಂಗ್ರಹಿಸಿ, ಎದುರಿಗೆ ಸಮಾನವಾದ ತಮಿಳು ಪದಗಳನ್ನು ತಮಿಳು ಲಿಪಿಯಲ್ಲಿ ಬರೆದು ಒಂದು ಹಾಳೆ ಮಾಡಿದರೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯ ಚೀಲದಲ್ಲಿ ಅದಕ್ಕೆ ಜಾಗವಿರುತ್ತದೆ. ಉಪಭಾಷೆಗಳ ಅಧ್ಯಯನದಲ್ಲಿ ಬೇಸಾಯದ ಪದಗಳನ್ನೂ ಬಂಧುವಾಚಕಗಳನ್ನೂ ಪಟ್ಟಿ ಮಾಡುವ ಪದ್ಧತಿ ಹಳೆಯದು. ನೋವಿನ ಪದಗಳಿಗೂ ಆ ಪಟ್ಟಿಯಲ್ಲಿ ಒಂದು ಪುಟವಿರಬೇಕು.